ಎದ್ದು ನಿಂತ ಸದನ

ಅಧಿವೇಶನದ ಮೊದಲ ದಿನ. ಒಂದೇ ಅವಧಿಗೆ ಶಾಸಕರಾಗಿ, ಆಮೇಲೆ ಟಿಕೆಟ್ ಸಿಗದೆ ಮೂಲೆ ಸೇರಿದ್ದ ಮುದುಕರೊಬ್ಬರು ಪಾಸು ತೋರಿಸಿ ಸಾರ್ವಜನಿಕರ ಗ್ಯಾಲರಿಯಲ್ಲಿ ಕೂತರು. ನಿನ್ನೆ ಪಕ್ಷದ ನಾಯಕರ ಮನೆ ಗೇಟಿನಲ್ಲಿ ಸಂಜೆಯವರೆಗೆ ಕಾದರೂ ಒಳಗೆ ಬಿಟ್ಟಿರಲಿಲ್ಲ. ಇವತ್ತು ಸದನದಿಂದ ಹೊರಗೆ ಬರುವಾಗಲಾದರೂ ಅವರನ್ನು ಹಿಡಿದು ಟಿಕೆಟ್ ಕೇಳಬೇಕು.

"ಮೊದಲು ಬಂದಿದ್ರಾ ಇಲ್ಲಿಗೆ?" ಪಕ್ಕದಲ್ಲಿ ನಿಂತಿದ್ದ ಮಾರ್ಷಲ್ ಕೇಳಿದ.

"ಅಲ್ಲಿ ಕೂರ್ತಿದ್ದೆ." ಕೆಳಗಿನ ಕೊನೇ ಸಾಲು ತೋರಿಸಿದರು. "ಮಾತಾಡೋಕೆ ಒಂದ್ಸಲ ಎದ್ದಿದ್ದೆ. ಟೈಮಾಯ್ತು ಅಂತ ಕೂರಿಸಿಬಿಟ್ರು."

ಮಾರ್ಷಲ್ ನಂಬಲಿಲ್ಲ, ಸುಮ್ಮನೆ ನಕ್ಕ.

ಪದ್ಧತಿಯಂತೆ, ಅಗಲಿದ ಮಾಜಿ ಸದಸ್ಯರಿಗೆ ಸಂತಾಪ ಸೂಚನೆ ಶುರುವಾಯಿತು. ಸಭಾಧ್ಯಕ್ಷರು ಓದಿದ ಹೆಸರು ಕೇಳಿ ಮುದುಕರು ಸೀಟಿನ ಅಂಚಿಗೆ ಬಂದರು. ಊರು, ಗೆದ್ದ ವರ್ಷ, ಎಲ್ಲವೂ ಸರಿಯಾಗಿಯೇ ಇತ್ತು.

ಪಕ್ಷದ ನಾಯಕರು ಮಾತಿಗೆ ಎದ್ದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನನಗೆ ಸ್ವಂತ ಅಣ್ಣನ ಹಾಗಿದ್ದರು. ಯಾವಾಗ ಬಂದರೂ ನನ್ನ ಮನೆ ಬಾಗಿಲು ಅವರಿಗೆ ತೆರೆದೇ ಇರುತ್ತಿತ್ತು. ಈ ಸಲ ಅವರಿಗೇ ಟಿಕೆಟ್ ಕೊಡಬೇಕು ಅಂದುಕೊಂಡಿದ್ದೆ. ವಿಧಿ ಬಿಡಲಿಲ್ಲ."

ಮುದುಕರು ಏನೋ ಹೇಳಲು ಬಾಯಿ ತೆರೆದರು.

"ಇಲ್ಲಿ ಮಾತಾಡಂಗಿಲ್ಲ, ಯಜಮಾನ್ರೇ," ಎಂದು ಮಾರ್ಷಲ್ ತಡೆದ.

ಮೌನಾಚರಣೆಗೆ ಇಡೀ ಸದನ ಎದ್ದು ನಿಂತಿತು. ಮಾರ್ಷಲ್ ಬಗ್ಗಿ ಮೆಲ್ಲಗೆ ಹೇಳಿದ, "ನೀವೂ ಏಳಿ. ತೀರಿಕೊಂಡೋರು ನಿಮಗೆ ಗೊತ್ತಿದ್ದೋರಾ?"

"ನಾನೇ," ಎಂದು ಪಿಸುಗುಟ್ಟಿ, ಅವರೂ ಎದ್ದು ತಲೆ ತಗ್ಗಿಸಿದರು.