ಬೇರೆ ಕೈ ಬಿದ್ದಿಲ್ಲ

ಗೌಡರು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ ಹಳೇ ಜೀಪನ್ನು ಜಾಕಿಯ ಮೇಲೆತ್ತಿ, ಮೆಕ್ಯಾನಿಕ್ ಅದರಡಿಗೆ ಅಂಗಾತ ತೂರಿಕೊಂಡ. ಗೌಡರು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು.

“ಏನಾಗಿದೆಯೋ?”

“ಸ್ಪ್ರಿಂಗ್ ಪಟ್ಟಾ ಸಡಿಲ ಆಗಿರೋದು ಹಳೇದಾಗಿ ಗೌಡ್ರೇ. ಆದ್ರೆ ಸ್ಟೇರಿಂಗ್ ನಟ್ಟನ್ನ ಯಾರೋ ಬೇಕಂತಲೇ ಬಿಚ್ಚಿದ್ದಾರೆ.”

“ಕೆಲಸ ಬಲ್ಲವರೇ?”

“ಮತ್ತೆ? ನಟ್ಟು ಕಳಚದಂಗೆ ಹಾಕೋ ಪಿನ್ನು ಎಷ್ಟು ನಾಜೂಕಾಗಿ ಕಿತ್ತಿದ್ದಾರೆ ನೋಡಿ.”

“ಈ ಊರಲ್ಲಿ ಅಂಥೋರು ಯಾರಿದ್ದಾರೆ?”

ಪಕ್ಕದ ಬೀದಿಯಲ್ಲೇ ಅವನಷ್ಟು ಬಲ್ಲವರು ಇಬ್ಬರಿದ್ದರು. ಆದರೆ ಗಿರಾಕಿಯೆದುರು ಇನ್ನೊಬ್ಬ ಮೆಕ್ಯಾನಿಕ್ಕಿನ ಹೆಸರೆತ್ತುವುದು ಅವನ ಜಾಯಮಾನವಾಗಿರಲಿಲ್ಲ.

“ಇನ್ಯಾರು? ಈ ಗಾಡಿ ಬಿಚ್ಚೋಕೆ ಬರೋದು ನನಗೊಬ್ಬನಿಗೇ.”

“ಬೆಳಗ್ಗೆ ಘಾಟಿ ತಿರುವಲ್ಲಿ ನನ್ನ ತಮ್ಮ ಇದರಿಂದ ಸಿಡಿದು ಬಿದ್ದು ಸತ್ತ,” ಎನ್ನುತ್ತ ಗೌಡರು ಜಾಕಿ ಇಳಿಸತೊಡಗಿದರು.