ಜಾರವಾ ಎಂದರೆ ಯಾರು?

"ಆ ಮೂರಕ್ಷರ ಪೂರ್ತಿ ಹೋಗಬೇಕು. ಒಂದು ಗೀಟೂ ಉಳಿಯಬಾರದು, ಕೇಳಿತಾ ಕಾಠಿಯಾವಾಡಿ?" ಎಂದು ಗೋಪಾಲಕೃಷ್ಣ ಭಟ್ಟರು ಇಡೀ ಗೋರ್ವಾ ಬಡಾವಣೆಗೆ ಕೇಳುವ ಹಾಗೆ ತಮ್ಮ ಉಡುಪಿ ರಾಗದ ಗುಜರಾತಿಯಲ್ಲಿ ಕೂಗಿದರು. ಒಂಬತ್ತು ವರ್ಷ ಅವರ ಹೋಟೆಲಿನ ಬಾಗಿಲ ಮೇಲೆ ತೂಗುತ್ತಿದ್ದ ತಗಡಿನ ಬೋರ್ಡು ಆ ಬೆಳಿಗ್ಗೆ ಕೆಳಗಿಳಿದು ಗೋಡೆಗೆ ಒರಗಿತ್ತು. ಅದರ ಮೇಲೆ ಗುಜರಾತಿ ಲಿಪಿಯಲ್ಲಿ ಇದ್ದದ್ದು "ಮದ್ರಾಸಿ ಹೋಟೆಲ್". ಅದನ್ನು ಬರೆದಿದ್ದ ಪೇಂಟರೇ ಕುಕ್ಕರುಗಾಲಲ್ಲಿ ಕೂತು ಮೊದಲ ಅಕ್ಷರವನ್ನು ಮರಳುಕಾಗದದಿಂದ ತಿಕ್ಕುತ್ತ, "ಕೇಳಿತು ಶೇಠ್," ಎಂದ.

ಭಟ್ಟರು ವಡೋದರೆಗೆ ಬಂದದ್ದು ಐವತ್ತನಾಲ್ಕರಲ್ಲಿ. ಆಗ ಮದ್ರಾಸಿ ಎಂದರೆ ಸಿಟ್ಟಾಗುವ ಹಾಗೂ ಇರಲಿಲ್ಲ. ಅವರ ಜಿಲ್ಲೆ ಮದ್ರಾಸ್ ರಾಜ್ಯಕ್ಕೇ ಸೇರಿತ್ತು. ಎರಡು ವರ್ಷ ಕಳೆದು ಜಿಲ್ಲೆಯೇನೋ ಮೈಸೂರು ರಾಜ್ಯಕ್ಕೆ ಬಂತು, ಭಟ್ಟರು ಮಾತ್ರ ಮದ್ರಾಸಿಯಾಗಿಯೇ ಉಳಿದರು. ಗಿರಾಕಿಗಳಿಗೆ ಗುರುತು ಸಿಗಲಿ ಎಂದು ಬೋರ್ಡಿನ ಮೇಲೆ ಹಾಗೆ ಬರೆಸಿದವರೂ ಅವರೇ. ಇಷ್ಟು ವರ್ಷ ಹೇಗೋ ನುಂಗಿಕೊಂಡಿದ್ದರು. ಆದರೆ ಕಳೆದ ವಾರ ಮಗಳು ನಳಿನಿ ಶಾಲೆಯ ಅರ್ಜಿಯಲ್ಲಿ ಮಾತೃಭಾಷೆ ಎಂಬಲ್ಲಿ ದುಂಡಗಿನ ಅಕ್ಷರದಲ್ಲಿ "ಮದ್ರಾಸಿ" ಎಂದು ಬರೆದು ಅಪ್ಪನ ಸಹಿಗೆ ತಂದಿದ್ದಳು. ಅಂದೇ ಭಟ್ಟರು, ಅದೇ ಬೋರ್ಡಿನಲ್ಲಿ ಹೊಸದಾಗಿ "ಕನ್ನಡ ಕಾಫಿ ಭವನ" ಎಂದು ಬರೆಸುವುದು, ಹುಡುಗಿ ಶಾಲೆಗೆ ಹೋಗುವಾಗ ಬರುವಾಗ ಅದನ್ನು ಓದಿಯಾದರೂ ತಾನು ಯಾರೆಂದು ತಿಳಿಯಲಿ ಎಂದು ನಿಶ್ಚಯಿಸಿಬಿಟ್ಟರು.

"ಹೆಸರಿನ ಫಜೀತಿ ಅಂದ್ರೆ ಜಾರವಾಗಳದ್ದು ಕಣ್ರೀ ಭಟ್ರೇ," ಎಂದರು ಒಳಗೆ ಕಾಫಿ ಆರಿಸಿಕೊಳ್ಳುತ್ತಿದ್ದ ಪಟ್ಟಾಭಿರಾಮರು. ಮೈಸೂರಿನವರು, ಸರ್ಕಾರದ ಸರ್ವೆ ಕೆಲಸ. ವಡೋದರೆಗೆ ವರ್ಗವಾಗುವ ಮೊದಲು ಮೂರು ವರ್ಷ ಅಂಡಮಾನಿನಲ್ಲಿದ್ದವರು.

"ಅದು ಯಾರು ಮಾರಾಯ್ರೇ?"

"ಅಲ್ಲಿನ ಕಾಡಿನ ಜನ. ನಾವು ದೋಣೀಲಿ ಹೋಗಿ ದಡದಲ್ಲಿ ತೆಂಗಿನಕಾಯಿ, ಬಾಳೆಗೊನೆ, ಕೆಂಪು ಬಟ್ಟೆ ಇಟ್ಟು ವಾಪಸ್ ಬರ್ತಿದ್ವಿ. ಇನ್ನೂ ಹತ್ತಿರ ಹೋದ್ರೆ ಬಾಣ. ಒಂದ್ಸಲ ಮರದ ಮರೆಯಿಂದ ಯಾರೋ ಏನೋ ಕೂಗಿದ್ರು. ಬೈದ್ರು ಅಂದ ನಮ್ಮ ಜೊತೆಗಿದ್ದ ಪೊಲೀಸಿನವನು. ಇಲ್ಲ, ಕರೆದ್ರು ಅಂದ ದೋಣಿಯವನು. ಅವರ ಭಾಷೆ ಬಲ್ಲವರು ನಮ್ಮಲ್ಲಿ ಒಬ್ಬರೂ ಇಲ್ಲ, ಯಾರನ್ನ ಕೇಳೋಣ?"

"ಜಾರವಾ ಅಂದ್ರೆ ಎಂತ ಅರ್ಥ?"

"ಅಲ್ಲೇ ಇರೋದು ತಮಾಷೆ. ಅದು ಅವರ ಮಾತೇ ಅಲ್ವಂತೆ. ಪಕ್ಕದ ಇನ್ನೊಂದು ಬುಡಕಟ್ಟಿನವರು ತಮ್ಮ ಭಾಷೇಲಿ ಇಟ್ಟದ್ದು. ಬೇರೆ ಜನ, ನಮ್ಮವರಲ್ಲ, ಅಂತ ಅರ್ಥವಂತೆ. ಸರ್ಕಾರ ಅದನ್ನೇ ಬರ್ಕೊಂಡ್ತು. ಅವರು ತಮ್ಮನ್ನ ತಾವು ಏನಂತ ಕರ್ಕೋತಾರೋ, ಕೇಳೋಷ್ಟು ಹತ್ತಿರ ನಾವು ಯಾರೂ ಹೋಗ್ಲೇ ಇಲ್ಲ."

ಭಟ್ಟರು ಸೌಟು ಹಿಡಿದವರು ಹಾಗೇ ನಿಂತರು. ಹನ್ನೆರಡು ವರ್ಷದ ತಮ್ಮ ಸಂಕಟವನ್ನು ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ. "ಅಯ್ಯೋ ದೇವರೇ, ಅವರದ್ದೂ ನನ್ನದೇ ಅವಸ್ಥೆ!"

"ವ್ಯತ್ಯಾಸ ಇಷ್ಟೇ. ಅವರ ಕೈಲಿ ಬಿಲ್ಲು, ನಿಮ್ಮ ಕೈಲಿ ಸೌಟು."

ಭಟ್ಟರಿಗೆ ಖುಷಿ ತಡೆಯಲಾಗಲಿಲ್ಲ. ಸಮುದ್ರದಾಚೆ, ಮುಖ ಕಂಡು ಅರಿಯದ ಜನರೆಲ್ಲ ಏಕಾಏಕಿ ನೆಂಟರಾಗಿಬಿಟ್ಟಿದ್ದರು. ಒಂದು ಲೋಟ ಕಾಫಿ ಹಿಡಿದು ಬೀದಿಗಿಳಿದು, ಪೇಂಟರಿಗೂ ಕಥೆಯನ್ನು ಮೊದಲಿಂದ ಹೇಳಿದರು. ಗುಜರಾತಿ ಕೈಕೊಟ್ಟಲ್ಲಿ ಹಿಂದಿ, ಹಿಂದಿಯೂ ಕೈಕೊಟ್ಟಲ್ಲಿ ಸೌಟು. ಪೇಂಟರು ಕಾಫಿ ಹೀರುತ್ತ, ಅಲ್ಲಲ್ಲಿ ತಲೆಯಾಡಿಸುತ್ತ ಪೂರ್ತಿ ಕೇಳಿದ.

"ಮನುಷ್ಯನನ್ನು ಅವನ ಹೆಸರು ಕೇಳಿ ಕರೆಯಬೇಕು. ನಮಗೆ ತೋಚಿದ್ದು ಕರೆಯುವುದಲ್ಲ," ಎಂದು ಭಟ್ಟರು ಮುಗಿಸಿದರು. "ಏನು ಹೇಳುತ್ತೀಯ, ಕಾಠಿಯಾವಾಡಿ?"

ಪೇಂಟರು ಲೋಟ ಕೆಳಗಿಟ್ಟ. ಅವನ ಮೀಸೆಯಡಿ ನಗು ಸುಳಿಯಿತು.

"ಶೇಠ್, ಕಾಠಿಯಾವಾಡ ಯಾವ ದಿಕ್ಕಿಗಿದೆಯೋ ನನಗೆ ಸರಿಯಾಗಿ ಗೊತ್ತಿಲ್ಲ. ನಾನು ಕಚ್ಛದವನು. ಮನೆಯಲ್ಲಿ ನಾವು ಮಾತಾಡುವುದು ಗುಜರಾತಿಯೂ ಅಲ್ಲ, ಕಚ್ಛಿ."

ಒಳಗಿನಿಂದ ಪಟ್ಟಾಭಿರಾಮರ ಕೆಮ್ಮು ಕೇಳಿಸಿತು, ಕಾಫಿ ನೆತ್ತಿಗೇರಿರಬೇಕು.

"ಮತ್ತೆ... ಒಂಬತ್ತು ವರ್ಷದಿಂದ ಒಂದು ಮಾತು ಹೇಳಲಿಲ್ಲವಲ್ಲ ನೀನು?"

"ಹೇಳಿದ್ದೇನಲ್ಲ ಶೇಠ್," ಎಂದು ಅವನು ಬ್ರಶ್ಶಿನ ತುದಿಯಿಂದ ಬೋರ್ಡಿನ ಕೆಳಗಿನ ಮೂಲೆಯನ್ನು ತೋರಿಸಿದ.

ಭಟ್ಟರು ಅವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಹೆಗಲ ಮೇಲಿನ ಬೈರಾಸಿನಿಂದ ಆ ಮೂಲೆಯ ಮಸಿ ಒರೆಸಿದರು. ಇರುವೆ ಸಾಲಿನಂಥ ಹಳದಿ ಅಕ್ಷರಗಳು ಒಂದೊಂದಾಗಿ ಮೇಲೆ ಬಂದವು. ನಳಿನಿಗಿಂತ ನಿಧಾನವಾಗಿ, ಬೆರಳಿಟ್ಟು ಕೂಡಿಸಿ ಓದಿದರು: "ವೇ... ಲ... ಜಿ. ಕ... ಚ್ಛಿ." ದಿನಾ ಇದರ ಅಡಿಯಲ್ಲೇ ನಿಂತು ಅವರು ಗಿರಾಕಿಗಳನ್ನು ಕರೆದಿದ್ದರು. ಮೊದಲು ನಾಚಿಕೆಯಾಯಿತು. ಆಮೇಲೆ ತಡೆಯಲಾರದೆ ನಗು ಬಂತು, ಪೇಂಟರೂ ನಕ್ಕ.

ನಕ್ಕು ಕಣ್ಣೊರೆಸಿಕೊಂಡು ಭಟ್ಟರು ಎದ್ದರು.

"ವೇಲಜಿಭಾಯ್, ಹೊಸ ಬೋರ್ಡಿನಲ್ಲಿ ನಿನ್ನ ಹೆಸರನ್ನು ಇನ್ನೂ ಸ್ವಲ್ಪ ದೊಡ್ಡದಾಗಿ ಬರೆ. ನನ್ನಂಥ ಮದ್ರಾಸಿಗಳಿಗೂ ಕಾಣಬೇಕು."