ಹೊಸ ಅಳಿಯನ ಮೊದಲ ಮೀನು

"ಇನ್ನೊಬ್ಬನಾ, ಬೀರಪ್ಪ?"

ಕೆರೆಯ ದಾರಿಯಲ್ಲಿ ತರಗೆಲೆ ಗುಡಿಸುತ್ತಿದ್ದ ಗಣಪಿ ಕೈ ನಿಲ್ಲಿಸಿ ಕೇಳಿಯೇಬಿಟ್ಟಳು. ಬೀರಪ್ಪ ಗಾಳದ ಕೋಲನ್ನು ಹೆಗಲ ಮೇಲೆ ಸರಿಪಡಿಸಿಕೊಂಡು ಮುಂದೆ ನಡೆದ. ಹಿಂದೆ ಬರುತ್ತಿದ್ದ ಅಳಿಯ ಉಮೇಶನ ಎದೆ ಮಾತ್ರ ಧಸಕ್ಕೆಂದಿತು. ಮೀನು ಹಿಡಿಯಲು ಹುಳ ಬೇಕು, ಬುಟ್ಟಿ ಬೇಕು, ಸರಿ. ಬಾವಿಯ ಹಗ್ಗ ಯಾಕೆ? ಅದೂ ಮಾವನ ಇನ್ನೊಂದು ಹೆಗಲ ಮೇಲಿತ್ತು.

ಉಮೇಶ ಕುಮಟಾ ಪೇಟೆಯವನು, ಮೊಬೈಲ್ ರಿಪೇರಿ ಅಂಗಡಿಯವನು. ಮೀನು ಅಂದರೆ ಅವನಿಗೆ ಮಾರ್ಕೆಟ್ಟಿನ ಬಂಗಡೆ, ತಾರ್ಲೆ, ಅಷ್ಟೇ. ರಂಜಿತಾಳನ್ನು ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಅವಳಿಗಿದು ಎರಡನೇ ಮದುವೆ, ಅದರಲ್ಲೇನೂ ಗುಟ್ಟಿರಲಿಲ್ಲ. ಮೊದಲ ಗಂಡ ಭಾಸ್ಕರ ಮೂರು ವರ್ಷದ ಹಿಂದೆ ಇದೇ ಕೆರೆಯಲ್ಲಿ, ಯುಗಾದಿಗೆ ಮುಂಚಿನ ಇದೇ ವಾರದಲ್ಲಿ ಮುಳುಗಿ ಸತ್ತಿದ್ದ.

ಬೀರಪ್ಪನ ಕೇರಿಯಲ್ಲೊಂದು ಪದ್ಧತಿ. ಮದುವೆಯಾದ ವರ್ಷ, ಯುಗಾದಿಯ ಮುಂಚೆ, ಹೊಸ ಅಳಿಯ ಮಾವನ ಊರಿನ ಕೆರೆಯಲ್ಲಿ ಗಾಳ ಹಾಕಿ ಒಂದು ಮೀನಾದರೂ ಹಿಡಿಯಬೇಕು. ಜೊತೆಗೆ ಹೋಗುವವನು ಮಾವ ಒಬ್ಬನೇ. ಬೇರೆ ಯಾರೂ ಅತ್ತ ಸುಳಿಯುವಂತಿಲ್ಲ. ಹೆಂಗಸರಂತೂ ಕೆರೆಯ ಏರಿ ಹತ್ತುವ ಮಾತೇ ಇಲ್ಲ. ಹಾಗಾಗಿ ಭಾಸ್ಕರನ ಜೊತೆ ಯಾರಿದ್ದರು ಎಂದು ಪೊಲೀಸರು ಕೇಳಿದಾಗ ಊರಿಗೆ ಊರೇ ಬೀರಪ್ಪನನ್ನು ತೋರಿಸಿತು. ಅವನೂ ಅಲ್ಲಗಳೆಯಲಿಲ್ಲ. "ಕಾಲು ಜಾರಿದ, ನನ್ನ ಕೈಗೆ ಸಿಗಲಿಲ್ಲ" ಅಂದ. ಎರಡು ದಿನ ಕೂರಿಸಿಕೊಂಡು ಬಿಟ್ಟರು. ಪೊಲೀಸರು ಬಿಟ್ಟರೂ ಊರು ಬಿಡಬೇಕಲ್ಲ!

ಸಾಲದ್ದಕ್ಕೆ ಈ ಮಾವ ಉಮೇಶನ ಮದುವೆಗೂ ಅಡ್ಡಗಾಲು ಹಾಕಿದ್ದ. ಕುಮಟೆಯವರೆಗೆ ಬಂದು, "ಈ ಸಂಬಂಧ ಬೇಡ ಅಕ್ಕಾ" ಎಂದು ಉಮೇಶನ ತಾಯಿಗೆ ಕೈ ಮುಗಿದಿದ್ದ. ರಂಜಿತಾಳೇ ಹಟ ಹಿಡಿದು ಮದುವೆಯಾದಳು.

ಇವತ್ತು ಬೆಳಿಗ್ಗೆ ಅವಳು ಉಮೇಶನ ಅಂಗಿಯ ತೋಳು ಹಿಡಿದು ಪಿಸುಗುಟ್ಟಿದ್ದಳು. "ಅಪ್ಪನ ಸಂಗ್ತಿಗೆ ಹೋಗ್ಬೇಡಿ. ಪದ್ಧತಿ ಗಿದ್ಧತಿ ಎಂತಾ ಬೇಡ. ನಾಡಿದ್ದು ನಾವಿಬ್ಬರೇ ಕೆರೆಗೆ ಹೋಗ್ವ. ಈಜು ಬರೂದಿಲ್ಲ ಅಂತ ಯಾರ ಹತ್ರನೂ ಹೇಳೂಕೆ ಹೋಗ್ಬೇಡಿ, ಆತಾ?"

ಪಾಪ, ಎಷ್ಟು ಕಾಳಜಿ! ಉಮೇಶನಿಗೆ ಕಣ್ಣು ತುಂಬಿ ಬಂದಿತ್ತು. ಆದರೆ ಹೊಸ ಅಳಿಯ ಹೆದರುಪುಕ್ಕಲ ಎಂದು ನಾಲ್ಕು ಜನ ಆಡಿಕೊಂಡರೆ ಮರ್ಯಾದೆ ಏನಾದೀತು? ಹೊರಟುಬಿಟ್ಟಿದ್ದ. ಈಗ ಒಂದೊಂದು ಹೆಜ್ಜೆಗೂ ತನಗೆ ತಾನೇ ಬೈದುಕೊಳ್ಳುತ್ತಿದ್ದ.

ಕೆರೆಯ ನೀರು ಅರ್ಧಕ್ಕೆ ಇಳಿದಿತ್ತು. ದಡದ ಕೆಸರು ಒಣಗಿ ಬಿರಿದಿತ್ತು. ಸುತ್ತ ಒಂದು ನರಪಿಳ್ಳೆ ಇಲ್ಲ. ಬೀರಪ್ಪ ಕೊಕ್ಕೆಗೆ ಎರೆಹುಳ ಸಿಕ್ಕಿಸುತ್ತ ನಿಧಾನಕ್ಕೆ ಹೇಳತೊಡಗಿದ.

"ಈ ದಿನದಲ್ಲಿ ಬೆಳಗಿನ ತಂಪಿಗೆ ಕಾಟ್ಲಾ ಮೀನು ದಡಕ್ಕೆ ಬತ್ತದೆ. ಬಿಸಿಲೇರಿತು ಅಂದ್ರೆ ಹೊಂಡಕ್ಕೆ ಇಳಿತದೆ. ನಿಮ್ಮ ನೆರಳು ನೀರಿಗೆ ಬೀಳೂಕಾಗ. ಬೆಂಡು ಅಲ್ಲಾಡಿದ ಕೂಡಲೇ ಎಳೀಬೇಡಿ. ಪೂರ್ತಿ ಮುಳುಗೂವರೆಗೆ ಸುಮ್ನೆ ನೋಡ್ತಾ ಇರಬೇಕು."

ಸುಮ್ಮನೆ ನೋಡುತ್ತಾ ಇರಬೇಕು! ಉಮೇಶ ಹಗ್ಗದ ಕಡೆ ಕಣ್ಣು ಹಾಯಿಸಿದ.

"ಈಜೂಕೆ ಬತ್ತದಾ?" ಮಾವ ತಲೆಯೆತ್ತದೆ ಕೇಳಿದ.

"ಬತ್ತದೆ ಮಾವ."

"ಇಲ್ಲ. ನಿಮಗೆ ಬರೂದಿಲ್ಲ. ಬೆಳಿಗ್ಗೆ ಅವಳು ಪಿಸುಗುಟ್ಟಿದ್ದು ನನಗೂ ಕೇಳ್ತು."

ಉಮೇಶ ಎದ್ದು ನಿಲ್ಲುವಷ್ಟರಲ್ಲಿ ಹಗ್ಗ ಅವನ ಸೊಂಟಕ್ಕೆ ಬಿಗಿಯಾಗಿತ್ತು. ಇನ್ನೊಂದು ತುದಿ ದಡದ ಮರಕ್ಕೆ. ಅರವತ್ತು ದಾಟಿದ ಆ ಕೈಗಳಿಗೆ ಎಲ್ಲಿತ್ತೋ ಅಷ್ಟು ಬಲ! ಓಡಿದರೂ ಎಷ್ಟು ದೂರ ಓಡಿಯಾನು?

"ಅಲ್ಲಿ ಮುಂಚೆ ಚಿರೇಕಲ್ಲು ಕಡಿದ ಹೊಂಡ ಇದೆ," ಬೀರಪ್ಪ ಕೈ ತೋರಿಸಿದ. "ಅಲ್ಲಿವರೆಗೆ ಸೊಂಟಮಟ್ಟ ನೀರು. ಆಮೇಲೆ ಒಂದೇ ಹೆಜ್ಜೆ, ಎರಡಾಳು ಆಳ. ಭಾಸ್ಕರ ಹೋದದ್ದು ಅಲ್ಲೇ. ಇಳಿ."

ನಾಲ್ಕು ತಿಂಗಳಲ್ಲಿ ಮೊದಲ ಸಲ ಮಾವ ಏಕವಚನಕ್ಕೆ ಇಳಿದಿದ್ದ. ಉಮೇಶ ಬೇಡಿಕೊಂಡ. ಗಣಪಿಯ ಹೆಸರು ಹಿಡಿದು ಕೂಗಿದ. ಬೀರಪ್ಪ ರಟ್ಟೆ ಹಿಡಿದು ಅವನನ್ನು ನೀರಿನಲ್ಲಿ ನಡೆಸಿಕೊಂಡೇ ಹೋದ. ಪಾದದಡಿ ಗಟ್ಟಿ ಕಲ್ಲು ಸಿಕ್ಕಿತು, ಕಲ್ಲಿನ ಕತ್ತರಿಸಿದ ಅಂಚು ಸಿಕ್ಕಿತು. ಬೆನ್ನಿಗೆ ಮಾವನ ಅಂಗೈ ತಾಗಿತು.

ದಬ್ಬಿಯೇಬಿಟ್ಟ.

ನೀರು ಮೂಗಿಗೆ, ಬಾಯಿಗೆ ನುಗ್ಗಿತು. ಕಾಲಿಗೆ ಏನೂ ಸಿಗಲಿಲ್ಲ. ಹಸಿರು ಕತ್ತಲೆ. ಅಯ್ಯೋ, ರಂಜಿತಾ ಹೇಳಿದ್ದಳಲ್ಲ, ಕೇಳಬಾರದಿತ್ತೇ! ಇನ್ನು ಮುಗಿಯಿತು ಅನ್ನುವಾಗ ಸೊಂಟ ಹರಿದುಹೋಗುವಂತೆ ಹಗ್ಗ ಜಗ್ಗಿತು. ಬೀರಪ್ಪ ಅವನನ್ನು ದರದರನೆ ದಡಕ್ಕೆ ಎಳೆದು ಹಾಕಿ, ಬೆನ್ನು ಗುದ್ದಿ ನೀರು ಕಕ್ಕಿಸಿದ.

"ಅಂಚು ಎಲ್ಲಿದೆ ಅಂತ ಈಗ ಕಾಲಿಗೆ ಗೊತ್ತಾತಲ್ಲ? ಸಾಯೂವರೆಗೆ ಮರೀಬೇಡ."

"ಭಾಸ್ಕರನನ್ನೂ ಹೀಗೇ ಕೊಂದ್ರಾ?" ಉಮೇಶ ಕೆಮ್ಮುತ್ತಲೇ ಕಿರುಚಿದ. "ಹೇಳಿ! ಹೀಗೇ ದಬ್ಬಿದ್ರಾ?"

ಬೀರಪ್ಪ ಕೆಸರಿನಲ್ಲಿ ಕುಸಿದು ಕೂತ. ಮುಖ ಮುಚ್ಚಿಕೊಂಡು ಬಿಕ್ಕಿದ. ಅಂಥ ಗಟ್ಟಿ ಆಳು ಅಳುವುದನ್ನು ಉಮೇಶ ಕಂಡಿರಲಿಲ್ಲ. ಸಿಟ್ಟು ಅರ್ಧಕ್ಕೇ ನಿಂತಿತು.

"ಇವತ್ತೇ ಕುಮಟೆಗೆ ಹೋಗು. ಒಬ್ಬನೇ ಹೋಗು, ತಿರುಗಿ ಬರಬೇಡ. ಬಾಯಿಬಿಟ್ಟು ಹೇಳೂಕೆ ಧೈರ್ಯ ಬರಲಿಲ್ಲ ಮಾರಾಯ. ಬಂದಿದ್ರೆ ನಿಮ್ಮ ಅಮ್ಮನ ಹತ್ರನೇ ಹೇಳ್ತಿದ್ದೆ."

"ಎಂತ ಹೇಳೂಕೆ?"

"ಆ ದಿನ ನಾನು ಜ್ವರ ಬಂದು ಮನೆಯಲ್ಲೇ ಬಿದ್ಕಂಡಿದ್ದೆ. ಅವನನ್ನು ಕೆರೆಗೆ ಕರ್ಕಂಡು ಬಂದವಳು, ಸೊಂಟದವರೆಗೆ ಒದ್ದೆಯಾಗಿ ಒಬ್ಬಳೇ ತಿರುಗಿ ಬಂದವಳು, ಸೀರೆ ಬದಲಾಯಿಸಿ ಏನೂ ಆಗದ ಹಾಗೆ ಅನ್ನಕ್ಕೆ ಇಟ್ಟವಳು ರಂಜಿತಾ."